ಗೆದ್ದ ಸೇನಾಪತಿಯನ್ನೇ ಮನೆಗೆ ಕಳಿಸಿದ್ದು ಯಾಕೆ?

ಪ್ರಶ್ನೆ: 1940ರಲ್ಲಿ ಜರ್ಮನಿಯ ವಿಮಾನದಾಳಿಯಿಂದ ಬ್ರಿಟನ್ನನ್ನು ಉಳಿಸಿದವರು ಏರ್ ಚೀಫ್ ಮಾರ್ಷಲ್ ಹ್ಯೂ ಡೌಡಿಂಗ್ ಎಂದು ಓದಿದ್ದೇನೆ. ಆದರೆ ಕದನ ಮುಗಿದು ತಿಂಗಳು ತುಂಬುವ ಮೊದಲೇ ಅವರನ್ನು ಹುದ್ದೆಯಿಂದ ತೆಗೆದರಂತೆ. ಇದು ಚರ್ಚಿಲ್ ಅವರ ಕೃತಘ್ನತೆಯಾ, ಇಲ್ಲ ಯಾರದಾದರೂ ಒಳಸಂಚಾ? ವಾಯುಪಡೆಯ ಅತಿ ದೊಡ್ಡ ಪದವಿ ಅವರಿಗೆ ಕೊನೆಗೂ ಸಿಗಲಿಲ್ಲವಲ್ಲ, ಅದು ಯಾಕೆ?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಒಳಸಂಚು ಎನ್ನುವಷ್ಟು ದೊಡ್ಡದೇನೂ ನಡೆಯಲಿಲ್ಲ. ಆದರೆ ಕೆಲವರು ಬೆನ್ನ ಹಿಂದೆ ಮಾತಾಡಿದ್ದು, ಓಡಾಡಿದ್ದು ನಿಜ. ಚರ್ಚಿಲ್ ಬಹಳ ದಿನ ಡೌಡಿಂಗ್ ಪರವಾಗಿಯೇ ನಿಂತಿದ್ದರು, ಕೊನೆಗೆ ಕೈಬಿಟ್ಟರು. ಡೌಡಿಂಗ್ ಅವರ ಕಡೆಯಿಂದಲೂ ಒಂದು ದೊಡ್ಡ ತಪ್ಪಾಯಿತು. ಇದು ಅರ್ಥವಾಗಬೇಕಾದರೆ 1940ರ ಆ ನಾಲ್ಕು ತಿಂಗಳನ್ನು ಮಾತ್ರ ನೋಡಿದರೆ ಸಾಲದು. ಅವರ ನಲವತ್ತು ವರ್ಷದ ನೌಕರಿಯನ್ನು ನೋಡಬೇಕು. ಯಾವ ಸ್ವಭಾವದಿಂದ ಅವರು ಬ್ರಿಟನ್ನನ್ನು ಉಳಿಸಿದರೋ, ಅದೇ ಸ್ವಭಾವದಿಂದ ಕುರ್ಚಿ ಕಳೆದುಕೊಂಡರು. ನನ್ನ ಮಟ್ಟಿಗೆ ಈ ಕಥೆಯ ತಿರುಳು ಅದೇ.

ಡೌಡಿಂಗ್ ಹುಟ್ಟಿದ್ದು 1882ರಲ್ಲಿ, ಸ್ಕಾಟ್ಲೆಂಡಿನ ಮಾಫೆಟ್ ಎಂಬ ಸಣ್ಣ ಊರಲ್ಲಿ. ಅಪ್ಪ ಅಲ್ಲೇ ಒಂದು ಶಾಲೆ ನಡೆಸುತ್ತಿದ್ದರು. ಹುಡುಗ ಸೇನೆಗೆ ಸೇರಿದ್ದು ತೋಪುಖಾನೆಯ ಅಧಿಕಾರಿಯಾಗಿ, 1900ರಲ್ಲಿ. ಜಿಬ್ರಾಲ್ಟರ್, ಸಿಲೋನ್, ಹಾಂಗ್‌ಕಾಂಗ್ ಸುತ್ತಿ ಭಾರತಕ್ಕೂ ಬಂದರು. ಇಲ್ಲಿ ಅವರು ಕೆಲಸ ಮಾಡಿದ್ದು ಬೆಟ್ಟಗಾಡಿನ ತೋಪುಖಾನೆಯಲ್ಲಿ. ವಿಮಾನ ಹಾರಿಸಲು ಕಲಿತಾಗ ಅವರಿಗೆ ಮೂವತ್ತೊಂದು ವಯಸ್ಸು. ಲಂಡನ್ ಹತ್ತಿರದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ 1913ರ ಡಿಸೆಂಬರಿನಲ್ಲಿ ಪೈಲಟ್ ಸರ್ಟಿಫಿಕೇಟ್ ಪಡೆದರು. ಇದು ಅಪಾಯದ ಕೆಲಸ, ಬೇಡ ಎಂದರು ಅಪ್ಪ. ಹಾಗಾಗಿ ಮತ್ತೆ ತೋಪುಖಾನೆಗೇ ಹೋದರು. 1914ರಲ್ಲಿ ಮಹಾಯುದ್ಧ ಶುರುವಾಯಿತು, ಹಾರುವ ದಳಕ್ಕೆ ಕರೆ ಬಂತು. ಆಮೇಲೆ ಅವರು ಹಿಂದಿರುಗಿ ನೋಡಲಿಲ್ಲ.

ಆ ಯುದ್ಧದ ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳಿ, ಎರಡೂ ಮುಂದೆ ಬರುತ್ತವೆ. ಒಂದು, 1915ರಲ್ಲಿ ಅವರು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವಿಮಾನದ ವೈರ್‌ಲೆಸ್ ಪ್ರಯೋಗಗಳ ಹೊಣೆ ಹೊತ್ತಿದ್ದರು. ನೆಲದ ಮೇಲಿರುವವನು ಆಕಾಶದಲ್ಲಿರುವವನ ಜೊತೆ ಮಾತಾಡುವುದು ಎಷ್ಟು ಮುಖ್ಯ ಅಂತ ಬೇರೆ ಅಧಿಕಾರಿಗಳಿಗಿಂತ ಬಹಳ ಮೊದಲೇ ಅವರಿಗೆ ಗೊತ್ತಾಗಿತ್ತು. ಇನ್ನೊಂದು, ಸೋಮ್ ಕದನ. 1916ರ ಬೇಸಿಗೆಯಲ್ಲಿ ಫ್ರಾನ್ಸ್‌ನಲ್ಲಿ ಅವರ ಕೈಕೆಳಗಿನ 60ನೇ ಸ್ಕ್ವಾಡ್ರನ್ (ವಿಮಾನದಳ) ತುಂಬಾ ಜನರನ್ನು ಕಳೆದುಕೊಂಡಿತು. ಉಳಿದವರಿಗೆ ವಿಶ್ರಾಂತಿ ಕೊಡಿ ಎಂದು ಡೌಡಿಂಗ್ ತಮ್ಮ ಮೇಲಧಿಕಾರಿ ಹ್ಯೂ ಟ್ರೆಂಚಾರ್ಡ್ ಅವರಿಗೆ ಹೇಳಿದರು. ಟ್ರೆಂಚಾರ್ಡ್ ಸ್ಕ್ವಾಡ್ರನ್ನನ್ನು ಹಿಂದಕ್ಕೆ ಕರೆಸಿದರು. ಆದರೆ ಹೀಗೆ ಕೇಳಿದವರು ಅವರಿಗೆ ಇಷ್ಟವಾಗಲಿಲ್ಲ. ಸ್ವಲ್ಪ ಸಮಯಕ್ಕೆ ಡೌಡಿಂಗ್ ಇಂಗ್ಲೆಂಡಿಗೆ ವಾಪಸ್. ಮತ್ತೆ ಆ ಯುದ್ಧದಲ್ಲಿ ಅವರಿಗೆ ರಣರಂಗದ ಹುದ್ದೆ ಸಿಗಲಿಲ್ಲ.

ಟ್ರೆಂಚಾರ್ಡ್ ಸಾಮಾನ್ಯ ವ್ಯಕ್ತಿಯಲ್ಲ. 1918ರ ಏಪ್ರಿಲ್ 1ರಂದು ಬ್ರಿಟನ್ನಿನಲ್ಲಿ ಪ್ರತ್ಯೇಕ ವಾಯುಪಡೆ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದವರು ಅವರೇ. ಅವರ ಮಾತು ಅಲ್ಲಿ ವೇದವಾಕ್ಯ. ಯುದ್ಧ ಗೆಲ್ಲುವುದು ಬಾಂಬರ್ ವಿಮಾನಗಳು, ಶತ್ರು ವಿಮಾನಗಳನ್ನು ಎದುರಿಸುವ ಫೈಟರ್‌ಗಳು ಪಕ್ಕವಾದ್ಯ ಅನ್ನುವುದು ಅವರ ಸಿದ್ಧಾಂತ. ಒಂದು ಇಡೀ ತಲೆಮಾರಿನ ಅಧಿಕಾರಿಗಳು ಅದನ್ನೇ ನಂಬಿ ಮೇಲೆ ಬಂದರು. ಡೌಡಿಂಗ್ ನಂಬಲಿಲ್ಲ, ನಂಬಿದ ಹಾಗೆ ನಟಿಸಲೂ ಇಲ್ಲ.

ಅವರ ಸ್ವಂತ ಬದುಕಿನಲ್ಲೂ ಏಟು ಬಿತ್ತು. 1918ರಲ್ಲಿ ಕ್ಲಾರಿಸ್ ಎಂಬವರನ್ನು ಮದುವೆಯಾದರು. 1920ರಲ್ಲಿ ಆಕೆ ತೀರಿಕೊಂಡರು. ಮಗ ಡೆರೆಕ್ ಇನ್ನೂ ಎಳೆಯ ಕೂಸು. ಆಮೇಲೆ ಮೂವತ್ತು ವರ್ಷ ಅವರು ಮರುಮದುವೆಯಾಗಲಿಲ್ಲ. ತಂಗಿ ಹಿಲ್ಡಾ ಮನೆ ನೋಡಿಕೊಂಡರು. ಮೊದಲೇ ಮಿತಭಾಷಿ, ಈಗ ಇನ್ನಷ್ಟು ಒಳಗೆ ಸರಿದರು. ಕ್ಲಬ್ಬು, ಪಾರ್ಟಿ, ಹರಟೆ ಯಾವುದೂ ಇಲ್ಲ. ಜೊತೆಯವರು ಇಟ್ಟ ಅಡ್ಡಹೆಸರು 'ಸ್ಟಫಿ', ಅಂದರೆ ಬಿಗುಮಾನದ ಮನುಷ್ಯ. ಈ ವಿಷಯ ಯಾಕೆ ಹೇಳುತ್ತೇನೆ ಅಂದರೆ, ದೊಡ್ಡ ಅಧಿಕಾರಿಗಳ ಭವಿಷ್ಯ ಕಡತಗಳಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ. ಊಟದ ಮೇಜಿನ ಸುತ್ತಲೂ ಆಗುತ್ತದೆ. ಆ ಮೇಜುಗಳಲ್ಲಿ ಡೌಡಿಂಗ್ ಪರವಾಗಿ ಮಾತಾಡುವವರು ಕಡಿಮೆ ಇದ್ದರು.

ಇರಾಕ್, ತರಬೇತಿ ವಿಭಾಗ, ಪ್ಯಾಲೆಸ್ಟೈನ್ ಎಂದು ಇಪ್ಪತ್ತರ ದಶಕ ಕಳೆಯಿತು. 1930ರ ಸೆಪ್ಟೆಂಬರಿನಲ್ಲಿ ಅವರಿಗೆ ವಾಯುಪಡೆಯ ಆಡಳಿತ ಮಂಡಳಿಯಲ್ಲಿ ಸರಬರಾಜು ಮತ್ತು ಸಂಶೋಧನೆಯ ಹೊಣೆ ಬಂತು. ಶುರುವೇ ಕೆಟ್ಟದಾಗಿತ್ತು. ಅಕ್ಟೋಬರ್ 5ರಂದು ಆರ್101 ಎಂಬ ದೈತ್ಯ ವಾಯುನೌಕೆ ಭಾರತಕ್ಕೆ ಹೊರಟು ಫ್ರಾನ್ಸ್‌ನಲ್ಲಿ ಬಿದ್ದು ಉರಿದುಹೋಯಿತು. 48 ಜನ ಸತ್ತರು. ಡೌಡಿಂಗ್ ಆ ಹುದ್ದೆಗೆ ಬಂದು ತಿಂಗಳಷ್ಟೇ ಆಗಿತ್ತು. ತಜ್ಞರ ಮಾತು ನಂಬಿ ಪ್ರಯಾಣಕ್ಕೆ ಅಡ್ಡಿ ಮಾಡಿರಲಿಲ್ಲ. ಇನ್ನಷ್ಟು ಪರೀಕ್ಷೆ ಆಗಲಿ ಎಂದು ಹಟ ಹಿಡಿಯಬೇಕಿತ್ತು ಅಂತ ಮುಂದೆ ಅವರೇ ಹೇಳಿಕೊಂಡರು.

ಅವರ ಮುಂದಿನ ನಡೆ ನೋಡಿದರೆ ಈ ಪಾಠ ಎಷ್ಟು ಆಳಕ್ಕೆ ಇಳಿದಿತ್ತು ಅಂತ ತಿಳಿಯುತ್ತದೆ. 1935ರ ಆರಂಭದಲ್ಲಿ ರಾಬರ್ಟ್ ವಾಟ್ಸನ್-ವಾಟ್ ಎಂಬ ವಿಜ್ಞಾನಿ ಒಂದು ಟಿಪ್ಪಣಿ ಕಳಿಸಿದರು. ರೇಡಿಯೋ ಅಲೆ ವಿಮಾನಕ್ಕೆ ತಾಗಿ ಹಿಂದಿರುಗುತ್ತದೆ, ಅದರಿಂದ ವಿಮಾನ ಎಲ್ಲಿದೆ ಅಂತ ದೂರದಿಂದಲೇ ಗುರುತಿಸಬಹುದು ಎನ್ನುವುದು ಅದರ ಸಾರ. ಹಣ ಕೊಡಬೇಕಾದವರು ಡೌಡಿಂಗ್. ಕಾಗದದ ಮೇಲೆ ಲೆಕ್ಕ ಹಾಕಿ ಏನು ಬೇಕಾದರೂ ತೋರಿಸಬಹುದು, ಮೊದಲು ಪ್ರತ್ಯಕ್ಷ ಮಾಡಿ ತೋರಿಸಿ ಎಂದರು ಅವರು. ಫೆಬ್ರವರಿ 26ರಂದು ಡ್ಯಾವೆಂಟ್ರಿ ಹತ್ತಿರದ ಹೊಲದಲ್ಲಿ ಪ್ರಯೋಗ ನಡೆಯಿತು. ಬಿಬಿಸಿಯ ಶಾರ್ಟ್‌ವೇವ್ ಪ್ರಸಾರದ ಅಲೆಗಳನ್ನೇ ಬಳಸಿಕೊಂಡರು. ಹೇಫೋರ್ಡ್ ಬಾಂಬರ್ ಒಂದು ಮೇಲೆ ಹಾರುತ್ತಿದ್ದರೆ, ವ್ಯಾನಿನಲ್ಲಿಟ್ಟ ಪರದೆಯ ಮೇಲೆ ಹಸಿರು ಗೆರೆ ಅಲುಗಾಡಿತು. ಸುಮಾರು 8 ಮೈಲಿ ದೂರದವರೆಗೂ ವಿಮಾನ ಸಿಕ್ಕಿತು. ಡೌಡಿಂಗ್ ಹಣ ಬಿಡುಗಡೆ ಮಾಡಿಸಿದರು. ನಾವು ಇವತ್ತು ರೇಡಾರ್ ಎಂದು ಕರೆಯುವುದು ಬ್ರಿಟನ್ನಿನಲ್ಲಿ ಬೆಳೆದದ್ದು ಹೀಗೆ.

ಅದೇ ಅವಧಿಯಲ್ಲಿ ಹರಿಕೇನ್ ಮತ್ತು ಸ್ಪಿಟ್‌ಫೈರ್ ಎಂಬ ಫೈಟರ್ ವಿಮಾನಗಳೂ ರೂಪುಗೊಂಡವು. ಹರಿಕೇನ್ 1935ರ ನವೆಂಬರಿನಲ್ಲಿ ಮೊದಲು ಹಾರಿತು, ಸ್ಪಿಟ್‌ಫೈರ್ 1936ರ ಮಾರ್ಚಿನಲ್ಲಿ. ಇದಕ್ಕೆಲ್ಲ ಡೌಡಿಂಗ್ ಒಬ್ಬರೇ ಕಾರಣ ಎಂದರೆ ಅನ್ಯಾಯವಾಗುತ್ತದೆ. ವಿನ್ಯಾಸ ಮಾಡಿದ್ದು ಸಿಡ್ನಿ ಕ್ಯಾಮ್ ಮತ್ತು ರೆಜಿನಾಲ್ಡ್ ಮಿಚೆಲ್. ಎಂಟು ಬಂದೂಕು ಬೇಕೆಂದು ಹಟ ಹಿಡಿದವರಲ್ಲಿ ರಾಲ್ಫ್ ಸಾರ್ಲಿ ಮುಖ್ಯರು. ಆದರೆ ಆ ಕಾಲದ ಗಾಳಿ ಎತ್ತ ಬೀಸುತ್ತಿತ್ತು ಅಂತ ನೋಡಿ. ಬಾಂಬರ್ ಹೇಗಾದರೂ ಒಳಗೆ ನುಗ್ಗಿಯೇ ನುಗ್ಗುತ್ತದೆ, ತಡೆಯಲಾಗದು ಎಂದು ಮಾಜಿ ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್ವಿನ್ 1932ರ ನವೆಂಬರಿನಲ್ಲಿ ಪಾರ್ಲಿಮೆಂಟಿನಲ್ಲೇ ಹೇಳಿದ್ದರು. ಅಂಥ ಕಾಲದಲ್ಲಿ ಫೈಟರ್‌ಗೆ, ರೇಡಾರ್‌ಗೆ ಹಣ ಹಾಕಿದವರು ಇವರು.

1936ರ ಜುಲೈ 14ರಂದು ಫೈಟರ್ ಕಮಾಂಡ್, ಅಂದರೆ ಫೈಟರ್ ವಿಮಾನಗಳ ವಿಭಾಗ ಹುಟ್ಟಿತು. ಮುಖ್ಯಸ್ಥರು ಡೌಡಿಂಗ್. ಕಚೇರಿ ಲಂಡನ್ನಿನ ಉತ್ತರಕ್ಕೆ, ಸ್ಟ್ಯಾನ್‌ಮೋರ್‌ನ ಬೆಂಟ್ಲಿ ಪ್ರಯರಿ ಎಂಬ ಹಳೆಯ ಬಂಗಲೆಯಲ್ಲಿ. 1937ರ ಹೊಸವರ್ಷದಂದು ಏರ್ ಚೀಫ್ ಮಾರ್ಷಲ್ ಆದರು. (ನಮ್ಮ ವಾಯುಪಡೆಯ ಮುಖ್ಯಸ್ಥರ ಪದವಿಗೂ ಇದೇ ಹೆಸರು. ಈ ಪದವಿಗಳನ್ನು ಭಾರತ ಬ್ರಿಟಿಷರಿಂದಲೇ ಪಡೆದದ್ದು.) ಇಡೀ ವಾಯುಪಡೆಯ ಮುಖ್ಯಸ್ಥರಾಗುವ ಸರದಿ ತಮ್ಮದು ಎಂದು ಅವರು ನಿರೀಕ್ಷಿಸಿದ್ದರು. ಅದು ಅವರಿಗಿಂತ ಕಿರಿಯರಾದ ಸಿರಿಲ್ ನ್ಯೂವಾಲ್ ಪಾಲಾಯಿತು. ಬ್ರಿಟನ್ನಿಗೆ ಇದರಿಂದ ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ. ಬೆಂಟ್ಲಿ ಪ್ರಯರಿಯಲ್ಲಿ ಡೌಡಿಂಗ್ ಮಾಡಿದ ಕೆಲಸವನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ.

ಆ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೇಡಾರ್ ಇದ್ದದ್ದರಿಂದ ಬ್ರಿಟನ್ ಗೆದ್ದಿತು ಎಂದು ಸುಮ್ನೆ ಹೇಳಿಬಿಡುತ್ತಾರೆ. ಜರ್ಮನರ ಬಳಿಯೂ ಒಳ್ಳೆಯ ರೇಡಾರ್ ಇತ್ತು. ಅವರ ಬಳಿ ಇಲ್ಲದ್ದು ರೇಡಾರ್ ಹೇಳಿದ್ದನ್ನು ಒಂದೆರಡು ನಿಮಿಷದಲ್ಲಿ ಪೈಲಟ್ ಕಿವಿಗೆ ಮುಟ್ಟಿಸುವ ವ್ಯವಸ್ಥೆ. ಡೌಡಿಂಗ್ ಕಟ್ಟಿದ್ದು ಅದನ್ನು.

ಕರಾವಳಿಯುದ್ದಕ್ಕೂ ರೇಡಾರ್ ನಿಲ್ದಾಣಗಳು, 360 ಅಡಿ ಎತ್ತರದ ಉಕ್ಕಿನ ಗೋಪುರಗಳು. ಅವು ಸಮುದ್ರದ ಕಡೆ ಮಾತ್ರ ನೋಡುತ್ತಿದ್ದವು. ಶತ್ರು ವಿಮಾನ ಭೂಮಿಯ ಮೇಲೆ ಬಂದ ಮೇಲೆ ಅದನ್ನು ಹಿಂಬಾಲಿಸುತ್ತಿದ್ದದ್ದು ಅಬ್ಸರ್ವರ್ ಕೋರ್‌ನ ಸುಮಾರು 30,000 ಸ್ವಯಂಸೇವಕರು. ಅವರ ಕೈಲಿದ್ದದ್ದು ದುರ್ಬೀನು, ಟೆಲಿಫೋನು, ಒಂದು ಸರಳ ಅಳತೆಯ ಉಪಕರಣ. ರೇಡಾರ್ ಸುದ್ದಿ ಮೊದಲು ಬೆಂಟ್ಲಿ ಪ್ರಯರಿಯ ಫಿಲ್ಟರ್ ರೂಮಿಗೆ ಬರುತ್ತಿತ್ತು. ಒಂದೇ ವಿಮಾನಗುಂಪನ್ನು ಎರಡು ನಿಲ್ದಾಣಗಳು ಎರಡು ಕಡೆ ತೋರಿಸುವುದು ಮಾಮೂಲು. ಯಾವುದು ಸರಿ, ಬಂದಿರುವವರು ನಮ್ಮವರಾ ಶತ್ರುಗಳಾ ಅಂತ ಅಲ್ಲಿ ಜರಡಿ ಹಿಡಿದು, ಸೋಸಿದ್ದನ್ನು ಮಾತ್ರ ಮುಂದಕ್ಕೆ ಕಳಿಸುತ್ತಿದ್ದರು. ಅಲ್ಲಿಂದ ನಾಲ್ಕು ಗ್ರೂಪ್‌ಗಳಿಗೆ, ಅಂದರೆ ದೇಶದ ಒಂದೊಂದು ಭಾಗವನ್ನು ಕಾಯುವ ತಂಡಗಳಿಗೆ, ಗ್ರೂಪ್‌ನಿಂದ ಅದರ ಕೈಕೆಳಗಿನ ಸೆಕ್ಟರ್ ನಿಲ್ದಾಣಗಳಿಗೆ. ಸೆಕ್ಟರ್‌ನ ಕಂಟ್ರೋಲರ್ ರೇಡಿಯೋದಲ್ಲಿ ಪೈಲಟ್‌ಗೆ ದಿಕ್ಕು, ಎತ್ತರ ಹೇಳುತ್ತಿದ್ದ.

ಆ ಕೋಣೆಗಳಲ್ಲಿದ್ದ ಗಡಿಯಾರವನ್ನು ಗಮನಿಸಬೇಕು. ಅದರ ಮುಖವನ್ನು ಐದೈದು ನಿಮಿಷದ ಹೋಳುಗಳಾಗಿ ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಭಾಗ ಮಾಡಿದ್ದರು. ಕೆಳಗೆ ದೊಡ್ಡ ಮೇಜಿನ ಮೇಲೆ ನಕ್ಷೆ, ಸುತ್ತ ಹೆಡ್‌ಫೋನ್ ಹಾಕಿಕೊಂಡ ಯುವತಿಯರು. ಸುದ್ದಿ ಬಂದಾಗ ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿದೆಯೋ ಆ ಬಣ್ಣದ ಬಾಣವನ್ನು ಉದ್ದ ಕೋಲಿನಿಂದ ನಕ್ಷೆಯ ಮೇಲೆ ತಳ್ಳುತ್ತಿದ್ದರು. ಮೇಲಿನ ಬಾಲ್ಕನಿಯಲ್ಲಿ ಕೂತ ಅಧಿಕಾರಿ ಯಾರನ್ನೂ ಏನೂ ಕೇಳಬೇಕಿಲ್ಲ. ಮುಳ್ಳು ಈಗ ನೀಲಿಯಲ್ಲಿದೆ, ಮೇಜಿನ ಮೇಲಿನ ಬಾಣ ಕೆಂಪು ಅಂದರೆ, ಆ ಸುದ್ದಿ ಹಳೆಯದು, ನಂಬಬೇಡ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬರೀ ಬಣ್ಣದಿಂದ ಮಾಡಿದ ಉಪಾಯ ಇದು. ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನಲ್ಲಿ 11ನೇ ಗ್ರೂಪ್‌ನ ನೆಲಮಾಳಿಗೆ ಕೋಣೆಯನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಲಂಡನ್ನಿಗೆ ಹೋಗುವ ಕನ್ನಡಿಗರು ಸ್ಪಿಟ್‌ಫೈರ್ ನೋಡಿ ಬರುತ್ತಾರೆ. ನನ್ನನ್ನು ಕೇಳಿದರೆ ಮೊದಲು ಈ ಮೇಜು, ಈ ಗಡಿಯಾರ ನೋಡಿ.

ಈ ನಾಲ್ಕು ವರ್ಷ ಅವರು ಮೇಲಿನವರ ಜೊತೆ ನಡೆಸಿದ್ದು ಪತ್ರಗಳ ಯುದ್ಧ. ಮಳೆಗಾಲದಲ್ಲಿ ಹುಲ್ಲಿನ ರನ್‌ವೇ ಕೆಸರಾಗುತ್ತದೆ, ಕಾಂಕ್ರೀಟ್ ಹಾಕಿಸಿ. ಪೈಲಟ್ ಮುಂದಿನ ಗಾಜು ಗುಂಡು ತಡೆಯುವಂತಿರಲಿ. ಈ ಗಾಜಿನ ಬೇಡಿಕೆ ಕೇಳಿ ಸಭೆಯಲ್ಲಿ ಕೆಲವರು ನಕ್ಕರಂತೆ. ಚಿಕಾಗೋದ ಗೂಂಡಾಗಳ ಕಾರಿಗೆ ಅಂಥ ಗಾಜು ಇರಬಹುದಾದರೆ ನನ್ನ ಪೈಲಟ್‌ಗಳಿಗೆ ಯಾಕೆ ಇರಬಾರದು ಎಂದು ಕೇಳಿದರು ಡೌಡಿಂಗ್. ಬೇಡಿದ್ದು ಬಹುತೇಕ ಸಿಕ್ಕಿತು. ಆದರೆ ಪ್ರತಿ ಪತ್ರವೂ ಏರ್ ಮಿನಿಸ್ಟ್ರಿ ಎಂಬ ವಾಯುಪಡೆಯ ಸಚಿವಾಲಯದ ಕಚೇರಿಯಲ್ಲಿ ಒಬ್ಬರ ಮನಸ್ಸು ಕೆಡಿಸಿತು. ಅವರ ಭಾಷೆ ಖಾರ, ಬೆಣ್ಣೆ ಹಚ್ಚುವುದು ಗೊತ್ತೇ ಇಲ್ಲ.

ಈಗ ನಿವೃತ್ತಿಯ ವಿಷಯ. ನಿಮ್ಮ ಪ್ರಶ್ನೆಗೆ ಇದು ಬಹಳ ಮುಖ್ಯ. 1940ರಲ್ಲಿ ಅವರಿಗೆ 58 ವರ್ಷ. 1939ರ ಜೂನ್‌ನಲ್ಲೇ ನಿವೃತ್ತರಾಗಬೇಕಿತ್ತು. ಯುದ್ಧದ ಮೋಡ ಕವಿದಿದ್ದರಿಂದ 1940ರ ಮಾರ್ಚ್‌ವರೆಗೆ ಇರಿ ಎಂದರು. ಆಮೇಲೆ ಜುಲೈ 14ರವರೆಗೆ. ಆಮೇಲೆ ಅಕ್ಟೋಬರ್ ಕೊನೆಯವರೆಗೆ. ಈ ಕೊನೆಯ ಪತ್ರ ಬಂದದ್ದು ಜುಲೈ ಮೊದಲ ವಾರ, ಅಂದರೆ ಕದನ ಶುರುವಾಗಲು ಕೆಲವೇ ದಿನ ಮುಂಚೆ! ದೇಶದ ಅಳಿವು ಉಳಿವು ಯಾರ ಕೈಲಿದೆಯೋ ಅವರಿಗೆ ಹೀಗೆ ತಿಂಗಳ ಲೆಕ್ಕದಲ್ಲಿ ನೌಕರಿ ಕೊಡುತ್ತಾ ಹೋದರು. ಚರ್ಚಿಲ್ ಇದನ್ನು ಒಪ್ಪಲಿಲ್ಲ. ಜುಲೈ 10ರಂದು ವಾಯುಪಡೆಯ ಮಂತ್ರಿ ಆರ್ಚಿಬಾಲ್ಡ್ ಸಿಂಕ್ಲೇರ್‌ಗೆ ಪತ್ರ ಬರೆದು, ನಿಮ್ಮಲ್ಲಿರುವ ಅತಿ ಒಳ್ಳೆಯವರಲ್ಲಿ ಅವರೊಬ್ಬರು, ಯುದ್ಧ ಇರುವವರೆಗೂ ಇರಲಿ ಎನ್ನುವ ಅರ್ಥದ ಮಾತು ಹೇಳಿದರು. ಆಗಸ್ಟ್‌ನಲ್ಲಿ ಗಡುವನ್ನು ತೆಗೆದುಹಾಕಿದರು. ಹಾಗಾಗಿ 'ಗೆದ್ದ ಕೂಡಲೇ ತೆಗೆದರು' ಅನ್ನುವುದು ಅರ್ಧ ಸತ್ಯ. ಗೆಲ್ಲುವ ಮೊದಲಿನಿಂದಲೂ ಅವರನ್ನು ಕಳಿಸಲು ಕಚೇರಿ ದಿನ ಹುಡುಕುತ್ತಲೇ ಇತ್ತು.

ಚರ್ಚಿಲ್ ಹೀಗೆ ಬರೆದದ್ದು ಯಾವಾಗ ಗೊತ್ತಾ? ಡೌಡಿಂಗ್ ಆ ಚರ್ಚಿಲ್ ಅವರನ್ನೇ ಎದುರು ಹಾಕಿಕೊಂಡು ಎರಡು ತಿಂಗಳು ಆಗಿತ್ತು. ಮೇ ತಿಂಗಳಲ್ಲಿ ಫ್ರಾನ್ಸ್ ಕುಸಿಯುತ್ತಿತ್ತು. ಇನ್ನಷ್ಟು ಫೈಟರ್ ಕಳಿಸಿ ಎಂದು ಫ್ರೆಂಚರು ಗೋಗರೆಯುತ್ತಿದ್ದರು. ಚರ್ಚಿಲ್ ಮನಸ್ಸು ಕೊಡುವ ಕಡೆಗೇ ಇತ್ತು. 15ರಂದು ಡೌಡಿಂಗ್ ಮಂತ್ರಿಮಂಡಲದ ಮುಂದೆ ಹೋಗಿ ಕಳಿಸಬೇಡಿ ಎಂದರು. ಮರುದಿನ ಹತ್ತು ಅಂಶಗಳ ಪತ್ರ ಬರೆದರು. ದೇಶದ ರಕ್ಷಣೆಗೆ 52 ಸ್ಕ್ವಾಡ್ರನ್ ಬೇಕೆಂದು ನೀವೇ ಹಿಂದೆ ಒಪ್ಪಿದ್ದೀರಿ. ಈಗ ನನ್ನ ಬಳಿ ಉಳಿದಿರುವುದು 36ಕ್ಕೆ ಸಮ. ಇನ್ನು ಎಷ್ಟರ ಕೆಳಗೆ ಇಳಿಯುವುದಿಲ್ಲ ಅಂತ ಹೇಳಿ. ಸಾಕಷ್ಟು ಫೈಟರ್ ಇಲ್ಲಿ ಉಳಿದರೆ, ಫ್ರಾನ್ಸ್ ಸೋತರೂ ನಾವು ಒಂಟಿಯಾಗಿ ಸ್ವಲ್ಪ ಕಾಲವಾದರೂ ಹೋರಾಡಬಹುದು. ಎಲ್ಲವನ್ನೂ ಅಲ್ಲಿಗೆ ಸುರಿದರೆ ನಮ್ಮ ಸೋಲು ಸಂಪೂರ್ಣ, ಅದಕ್ಕೆ ಮದ್ದಿಲ್ಲ. ಪತ್ರದ ಸಾರ ಇಷ್ಟು. ಬಿತ್ತನೆ ಬೀಜವನ್ನೇ ಬೇಯಿಸಿ ತಿನ್ನಬೇಡಿ ಎಂದು ಮನೆಯ ಹಿರಿಯರು ಬರಗಾಲದಲ್ಲಿ ಹೇಳುವ ಮಾತಿನಂತಿದೆ ಅದು.

ಒಬ್ಬರೇ ನಿಂತು ಎಲ್ಲರ ಬಾಯಿ ಮುಚ್ಚಿಸಿದರು ಅಂತ ಈ ಪ್ರಸಂಗವನ್ನು ಜಾಸ್ತಿ ಉಬ್ಬಿಸಿ ಹೇಳುವುದುಂಟು. ನಡೆದದ್ದು ಅಷ್ಟು ಸರಳವಲ್ಲ. ಪತ್ರ ಬರೆದ ದಿನವೇ ಇನ್ನೂ ನಾಲ್ಕು ಸ್ಕ್ವಾಡ್ರನ್‌ನಷ್ಟು ವಿಮಾನ ಕಳಿಸಲು ಆದೇಶವಾಯಿತು. ಪ್ಯಾರಿಸ್‌ನಿಂದ ಚರ್ಚಿಲ್ ಇನ್ನೂ ಆರು ಕೇಳಿದರು. ಆಗ ಅಡ್ಡ ಬಂದವರಲ್ಲಿ ನ್ಯೂವಾಲ್ ಕೂಡ ಇದ್ದರು. ಆ ಆರು ಸ್ಕ್ವಾಡ್ರನ್ ಇಂಗ್ಲೆಂಡಿನಲ್ಲೇ ಇದ್ದು ದಿನಾ ಹೋಗಿ ಬರಲಿ ಎಂದು ರಾಜಿಯಾಯಿತು. 19ರಂದು ಚರ್ಚಿಲ್ ಅವರೇ ಇನ್ನು ಒಂದೂ ಹೊರಗೆ ಹೋಗಕೂಡದು ಎಂದರು. ಫ್ರಾನ್ಸಿಗೆ ಹೋದ ನೂರಾರು ಹರಿಕೇನ್‌ಗಳಲ್ಲಿ ವಾಪಸ್ ಬಂದದ್ದು 66. ಆ ಪತ್ರ ಇಲ್ಲದಿದ್ದರೆ ಇನ್ನೆಷ್ಟು ಹೋಗುತ್ತಿದ್ದವೋ.

ಕದನದ ದಿನದಿನದ ಕಥೆ ನಿಮಗೆ ಬೇರೆ ಕಡೆ ಸಿಗುತ್ತದೆ, ನಾನು ಹೇಳುವುದಿಲ್ಲ. ಜುಲೈ 10ರಿಂದ ಅಕ್ಟೋಬರ್ 31ರವರೆಗೆ ಅಂತ ಲೆಕ್ಕ. ಬ್ರಿಟನ್ ಪರ ಹಾರಿದವರು 2,900ಕ್ಕೂ ಜಾಸ್ತಿ, ಸತ್ತವರು 544. ಅತಿ ಕಷ್ಟದ ಕಾಲ ಆಗಸ್ಟ್ 24ರಿಂದ ಸೆಪ್ಟೆಂಬರ್ 6. ಆ ಎರಡು ವಾರದಲ್ಲಿ 103 ಪೈಲಟ್‌ಗಳು ಸತ್ತರು, 128 ಮಂದಿ ತೀವ್ರವಾಗಿ ಗಾಯಗೊಂಡರು. ವಿಮಾನ ಬರುತ್ತಿತ್ತು, ಹಾರಿಸುವವರು ಇಲ್ಲ. ಆಗ ಡೌಡಿಂಗ್ ಸ್ಕ್ವಾಡ್ರನ್‌ಗಳನ್ನು ಮೂರು ವರ್ಗ ಮಾಡಿದರು. ಅನುಭವಿಗಳೆಲ್ಲ ಆಗ್ನೇಯದ 11ನೇ ಗ್ರೂಪ್‌ಗೆ. ದೂರದ ಸ್ಕ್ವಾಡ್ರನ್‌ಗಳು ಹೊಸಬರನ್ನು ಪಳಗಿಸುವ ಶಾಲೆಗಳಾದವು. ದಣಿದ ಘಟಕವನ್ನು ಹಿಂದಕ್ಕೆ ಕರೆಸಿ ವಿಶ್ರಾಂತಿ ಕೊಡುವುದನ್ನು ಅವರು ಕೊನೆವರೆಗೂ ಬಿಡಲು ನೋಡಲಿಲ್ಲ. ಸೋಮ್ ಕದನದಲ್ಲಿ ಕೇಳಿದ್ದನ್ನು ಈಗ ತಾವೇ ಮಾಡುವ ಅಧಿಕಾರ ಅವರಿಗಿತ್ತು. ಅವರ ಮಗ ಡೆರೆಕ್ ಕೂಡ ಆ ಪೈಲಟ್‌ಗಳಲ್ಲೊಬ್ಬ, 74ನೇ ಸ್ಕ್ವಾಡ್ರನ್‌ನಲ್ಲಿ.

ಹಾಗಾದರೆ ತೆಗೆದದ್ದು ಯಾಕೆ? ಎರಡು ಕಾರಣ ಮುಂದಿಟ್ಟರು. ಒಂದು ನ್ಯಾಯವಾದದ್ದಲ್ಲ, ಇನ್ನೊಂದರಲ್ಲಿ ಸ್ವಲ್ಪ ಹುರುಳಿದೆ.

ಮೊದಲನೆಯದು 'ಬಿಗ್ ವಿಂಗ್' ಜಗಳ. 11ನೇ ಗ್ರೂಪ್‌ನ ಮುಖ್ಯಸ್ಥರು ನ್ಯೂಜಿಲೆಂಡಿನ ಕೀತ್ ಪಾರ್ಕ್. ದಾಳಿಗೆ ಅವರೇ ಮೊದಲ ಗುರಿ. ಸಮಯ ಇಲ್ಲದ್ದರಿಂದ ಒಂದೊಂದೇ, ಎರಡೆರಡೇ ಸ್ಕ್ವಾಡ್ರನ್ ಕಳಿಸಿ ಬಾಂಬ್ ಬೀಳುವ ಮೊದಲೇ ಎದುರಿಸುತ್ತಿದ್ದರು. ಉತ್ತರದ 12ನೇ ಗ್ರೂಪ್‌ನ ಟ್ರಾಫರ್ಡ್ ಲೀ-ಮ್ಯಾಲರಿ, ಮೂರರಿಂದ ಐದು ಸ್ಕ್ವಾಡ್ರನ್ ಒಟ್ಟಾಗಿ ಹೋಗಬೇಕು ಎಂದರು. ಅವರ ಕಡೆಯ ತಾರೆ ಡಗ್ಲಸ್ ಬೇಡರ್, ಎರಡೂ ಕಾಲಿಲ್ಲದ ಧೀರ ಪೈಲಟ್. ಅಷ್ಟು ವಿಮಾನ ಅವರ ಡಕ್ಸ್‌ಫರ್ಡ್ ನೆಲೆಯ ಮೇಲೆ ಜೋಡಣೆಯಾಗುವ ಹೊತ್ತಿಗೆ ಜರ್ಮನರು ಬಾಂಬ್ ಹಾಕಿ ಹಿಂದಿರುಗುತ್ತಿದ್ದ ಉದಾಹರಣೆಗಳಿವೆ. ತಮ್ಮ ನಿಲ್ದಾಣಗಳನ್ನು ಕಾಯಲು ಪಾರ್ಕ್ ಕರೆದಾಗ 12ನೇ ಗ್ರೂಪ್‌ನವರು ಸಮಯಕ್ಕೆ ಬರಲಿಲ್ಲ ಎಂಬ ದೂರೂ ಇತ್ತು. ಹೊಡೆದುರುಳಿಸಿದ ವಿಮಾನಗಳ ಲೆಕ್ಕವೂ ಬಹಳ ಉಬ್ಬಿತ್ತು. ಯುದ್ಧದ ನಂತರ ಸಿಕ್ಕ ಜರ್ಮನ್ ದಾಖಲೆಗಳು ಪಾರ್ಕ್ ಮಾಡಿದ್ದೇ ಸರಿ ಅನ್ನುತ್ತವೆ.

ಡೌಡಿಂಗ್ ತಪ್ಪಿದ್ದು ಇಲ್ಲೇ. ಕೈಕೆಳಗಿನ ಇಬ್ಬರು ಕಚ್ಚಾಡುತ್ತಿದ್ದಾಗ ಇಬ್ಬರನ್ನೂ ಎದುರು ಕೂರಿಸಿ, ಹೀಗೇ ಆಗಬೇಕು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಒಳ್ಳೆಯವರನ್ನು ಕೂರಿಸಿದ್ದೇನೆ, ಅವರ ಕೆಲಸ ಅವರು ಮಾಡಲಿ ಎಂದು ಬಿಟ್ಟರು. ಖಾಲಿ ಬಿಟ್ಟ ಜಾಗಕ್ಕೆ ರಾಜಕೀಯ ನುಗ್ಗಿತು. ಬೇಡರ್ ಅವರ 242ನೇ ಸ್ಕ್ವಾಡ್ರನ್‌ನ ಅಡ್ಜುಟೆಂಟ್ (ಆಡಳಿತಾಧಿಕಾರಿ) ಪೀಟರ್ ಮ್ಯಾಕ್‌ಡೊನಾಲ್ಡ್ ಪಾರ್ಲಿಮೆಂಟ್ ಸದಸ್ಯರೂ ಆಗಿದ್ದರು. ಅವರು ಈ ವಿಷಯವನ್ನು ನೇರವಾಗಿ ಮಂತ್ರಿಗಳ ಮಟ್ಟಕ್ಕೆ ಒಯ್ದರು. ಅಕ್ಟೋಬರ್ 17ರಂದು ಏರ್ ಮಿನಿಸ್ಟ್ರಿಯಲ್ಲಿ ಸಭೆ. ನ್ಯೂವಾಲ್ ಬದಲಿಗೆ ಅಧ್ಯಕ್ಷತೆ ವಹಿಸಿದವರು ವಾಯುಪಡೆಯ ಉಪಮುಖ್ಯಸ್ಥ ಶೋಲ್ಟೊ ಡಗ್ಲಸ್. ಏರ್ ಮಾರ್ಷಲ್‌ಗಳ ನಡುವೆ ಎಷ್ಟೋ ಕೆಳಗಿನ ದರ್ಜೆಯ ಒಬ್ಬ ಸ್ಕ್ವಾಡ್ರನ್ ಲೀಡರ್, ಬೇಡರ್. ಅವರು ಬರುತ್ತಾರೆಂದು ಡೌಡಿಂಗ್‌ಗೆ ತಿಳಿಸಿರಲಿಲ್ಲ. ಸಭೆಯ ನಡಾವಳಿಯಲ್ಲಿ ತಮ್ಮ ಮಾತು ಸರಿಯಾಗಿ ಬಂದಿಲ್ಲ ಎಂದು ಪಾರ್ಕ್ ತಿದ್ದುಪಡಿ ಕಳಿಸಿದರು. ಅದನ್ನು ಸೇರಿಸಲಿಲ್ಲ.

ಎರಡನೆಯದು ರಾತ್ರಿಯ ದಾಳಿ. ಇದನ್ನು ಜನ ಮರೆಯುತ್ತಾರೆ, ಆದರೆ ನನ್ನ ಪ್ರಕಾರ ಕುರ್ಚಿ ಹೋದದ್ದಕ್ಕೆ ಇದೇ ಜಾಸ್ತಿ ಕಾರಣ. ಸೆಪ್ಟೆಂಬರ್ 7ರಿಂದ ಲಂಡನ್ ಮೇಲೆ ಸತತ 57 ರಾತ್ರಿ ಬಾಂಬ್ ಬಿದ್ದವು. ಫೈಟರ್‌ಗಳಿಗೆ ಕತ್ತಲಲ್ಲಿ ಏನೂ ಕಾಣದು. ಜನ ಸಾಯುತ್ತಿದ್ದಾರೆ, ಪತ್ರಿಕೆಗಳು ಕೇಳುತ್ತಿವೆ, ಮಂತ್ರಿಗಳು ಉತ್ತರ ಕೊಡಬೇಕು. ಹಿರಿಯ ಮಾರ್ಷಲ್ ಜಾನ್ ಸಾಲ್ಮಂಡ್ ಅವರ ಸಮಿತಿ ಪರಿಹಾರ ಸೂಚಿಸಿತು: ಹಗಲಿನ ಹರಿಕೇನ್‌ಗಳನ್ನು ರಾತ್ರಿಯೂ ಹಾರಿಸಿ, ಫಿಲ್ಟರ್ ರೂಮ್ ಕೆಲಸವನ್ನು ಗ್ರೂಪ್‌ಗಳಿಗೆ ಹಂಚಿ. ಡೌಡಿಂಗ್ ಒಪ್ಪಲಿಲ್ಲ. ವಿಮಾನದೊಳಗೇ ಸಣ್ಣ ರೇಡಾರ್ ಇರುವ ಬ್ಯೂಫೈಟರ್ ಬರಬೇಕು, ಅಲ್ಲಿಯವರೆಗೆ ಬೇರೆ ದಾರಿ ಇಲ್ಲ ಎಂದರು. ಹೇಳಿದ್ದು ನಿಜ. ಆದರೆ ಮನೆ ಉರಿಯುತ್ತಿರುವವರಿಗೆ ಕಾಯಿರಿ ಎಂದು ಹೇಳುವ ರೀತಿ ಬೇರೆ ಇರಬೇಕಿತ್ತು. ಡೌಡಿಂಗ್ ಅವರನ್ನು ತೆಗೆಯಲೇಬೇಕು ಎಂದು ಸಾಲ್ಮಂಡ್ ಚರ್ಚಿಲ್‌ಗೆ ಬರೆದರು. ಹಳೆಯ ಟ್ರೆಂಚಾರ್ಡ್ ಕೂಡ ಅದೇ ಅಭಿಪ್ರಾಯಕ್ಕೆ ಬಂದಿದ್ದರು. ನವೆಂಬರ್ ಮಧ್ಯದ ಹೊತ್ತಿಗೆ ಚರ್ಚಿಲ್ ಸುಮ್ಮನಾದರು.

ಮಂತ್ರಿ ಸಿಂಕ್ಲೇರ್ ಡೌಡಿಂಗ್ ಅವರನ್ನು ಕರೆಸಿ ವಿಷಯ ತಿಳಿಸಿದ್ದು ನವೆಂಬರ್ 13ರಂದು. ಮರುರಾತ್ರಿ ಕೊವೆಂಟ್ರಿ ನಗರ ಸುಟ್ಟುಹೋಯಿತು. ಫೋನ್ ಮಾಡಿ ಇವತ್ತೇ ಹೊರಡಿ ಎಂದರು ಅನ್ನುವ ಕಥೆ ನೀವು ಕೇಳಿರಬಹುದು, ಡೌಡಿಂಗ್ ಅವರೇ ವಯಸ್ಸಾದ ಮೇಲೆ ಹಾಗೆ ನೆನಪಿಸಿಕೊಂಡಿದ್ದಾರೆ. ದಾಖಲೆಗಳಲ್ಲಿ ಇರುವುದು ಈ ಮುಖತಃ ಭೇಟಿ. ನವೆಂಬರ್ 19ರ ರಾತ್ರಿ ರೇಡಾರ್ ಇದ್ದ ಬ್ಯೂಫೈಟರ್ ಒಂದು ಮೊದಲ ಸಲ ಜರ್ಮನ್ ಬಾಂಬರನ್ನು ಕತ್ತಲಲ್ಲಿ ಹೊಡೆದುರುಳಿಸಿತು. ಹಾರಿಸಿದವರು ಜಾನ್ ಕನ್ನಿಂಗ್‌ಹ್ಯಾಮ್. ಡೌಡಿಂಗ್ ಕಾದಿದ್ದು ಅದಕ್ಕೇ. ಮುಂದಿನ ವಸಂತದಲ್ಲಿ ರಾತ್ರಿ ಫೈಟರ್‌ಗಳು ನಿಜಕ್ಕೂ ಬೇಟೆಯಾಡತೊಡಗಿದವು. ಅಷ್ಟರಲ್ಲಿ ಅವರು ಹೋಗಿ ತಿಂಗಳುಗಳಾಗಿದ್ದವು. ನವೆಂಬರ್ 25ರಂದು ಆ ಕುರ್ಚಿಗೆ ಬಂದವರು ಅದೇ ಶೋಲ್ಟೊ ಡಗ್ಲಸ್. ಡಿಸೆಂಬರಿನಲ್ಲಿ ಪಾರ್ಕ್ ಅವರನ್ನು ತರಬೇತಿ ವಿಭಾಗಕ್ಕೆ ದಾಟಿಸಿ, ಅವರ ಜಾಗಕ್ಕೆ ಲೀ-ಮ್ಯಾಲರಿಯನ್ನು ತಂದರು. ಇದನ್ನು ನೋಡಿದ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? 58 ವರ್ಷದ, ನಾಲ್ಕು ವರ್ಷ ಒಂದೇ ಹುದ್ದೆಯಲ್ಲಿ ದಣಿದ ಮನುಷ್ಯನಿಗೆ ಬದಲಿ ಬೇಕಿತ್ತು ಎಂದರೆ ನಾನು ಒಪ್ಪುತ್ತೇನೆ. ಕಳಿಸಿದ ರೀತಿಯನ್ನು ಒಪ್ಪುವುದಿಲ್ಲ.

ಇಲ್ಲಿ ನಮ್ಮ ನಾಡಿನ ನಂಟು ಒಂದನ್ನು ಹೇಳಿಬಿಡುತ್ತೇನೆ. ಮೈಸೂರು ಸಂಸ್ಥಾನ ಕೊಟ್ಟ ಯುದ್ಧನಿಧಿಯ ನೆನಪಿಗೆ ಬ್ರಿಟಿಷ್ ವಾಯುಪಡೆಯ ಒಂದು ಸ್ಪಿಟ್‌ಫೈರ್ ಸ್ಕ್ವಾಡ್ರನ್‌ಗೆ ಮೈಸೂರು ಎಂದೇ ಹೆಸರಿಟ್ಟರು. ಅದು 129ನೇ ಸ್ಕ್ವಾಡ್ರನ್. ಲಾಂಛನ ಗಂಡಭೇರುಂಡ. ಅದು 1941ರ ಜೂನ್‌ನಲ್ಲಿ ಫೈಟರ್ ಕಮಾಂಡಿಗೆ ಸೇರಿತು. ಗಂಡಭೇರುಂಡವೂ ಹಾರಿದ್ದು ಡೌಡಿಂಗ್ ಕಟ್ಟಿದ ಆ ವ್ಯವಸ್ಥೆಯೊಳಗೇ.

ಅವರ ಮುಂದಿನ ದಿನಗಳು ಬೇಗ ಹೇಳಬಹುದು. ವಿಮಾನ ಖರೀದಿಯ ಕೆಲಸಕ್ಕೆ ಅಮೆರಿಕಕ್ಕೆ ಕಳಿಸಿದರು. ಅಲ್ಲೂ ಮನಸ್ಸಿಗೆ ಬಂದದ್ದನ್ನು ನೇರ ಹೇಳಿ ಮುಜುಗರ ತಂದರು. 1942ರ ಜುಲೈನಲ್ಲಿ ನಿವೃತ್ತಿ. 1941ರ ಮಾರ್ಚ್‌ನಲ್ಲಿ ಏರ್ ಮಿನಿಸ್ಟ್ರಿ ಈ ಕದನದ ಬಗ್ಗೆ ಒಂದು ಪುಸ್ತಿಕೆ ತಂದಿತು, ಲಕ್ಷಾಂತರ ಪ್ರತಿ ಮಾರಾಟವಾಯಿತು. ಅದರಲ್ಲಿ ಡೌಡಿಂಗ್ ಹೆಸರೇ ಇರಲಿಲ್ಲ! ಚರ್ಚಿಲ್ ಕೆಂಡವಾದರು. ಹೊಟ್ಟೆಕಿಚ್ಚು, ಗುಂಪುಗಾರಿಕೆ ಅಂತಲೇ ಅದನ್ನು ಕರೆದು ಮಂತ್ರಿಗೆ ಬರೆದರು. ಕೃತಘ್ನತೆಯ ಆರೋಪವನ್ನು ಚರ್ಚಿಲ್ ಮೇಲೆ ಪೂರ್ತಿ ಹೊರಿಸಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ. 1943ರಲ್ಲಿ ಡೌಡಿಂಗ್ ಲಾರ್ಡ್ ಆದರು. ಬಿರುದಿಗೆ ಬೆಂಟ್ಲಿ ಪ್ರಯರಿಯ ಹೆಸರನ್ನೇ ಸೇರಿಸಿಕೊಂಡರು. ಸತ್ತ ಪೈಲಟ್‌ಗಳ ಆತ್ಮಗಳ ಜೊತೆ ಸಂಪರ್ಕವಿದೆ ಎಂದು ನಂಬಿ ಪರಲೋಕದ ಬಗ್ಗೆ ಬರೆದರು. 1951ರಲ್ಲಿ ಮ್ಯೂರಿಯಲ್ ಅವರನ್ನು ಮದುವೆಯಾದರು. ಮಾಂಸಾಹಾರ ಬಿಟ್ಟರು, ಲಾರ್ಡ್ಸ್ ಸಭೆಯಲ್ಲಿ ಪ್ರಾಣಿಹಿಂಸೆಯ ವಿರುದ್ಧ ಮಾತಾಡಿದರು. ಮ್ಯೂರಿಯಲ್ ಶುರುಮಾಡಿದ 'ಬ್ಯೂಟಿ ವಿತೌಟ್ ಕ್ರೂಯೆಲ್ಟಿ' ಸಂಸ್ಥೆಯ ಭಾರತದ ಶಾಖೆ ಪುಣೆಯಲ್ಲಿದೆ. 1970ರ ಫೆಬ್ರವರಿ 15ರಂದು ಡೌಡಿಂಗ್ ತೀರಿಕೊಂಡರು. ಚಿತಾಭಸ್ಮ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ವಾಯುಪಡೆಯ ಅತಿ ದೊಡ್ಡ ಪದವಿ 'ಮಾರ್ಷಲ್ ಆಫ್ ದ ರಾಯಲ್ ಏರ್ ಫೋರ್ಸ್'. ಭೂಸೇನೆಯ ಫೀಲ್ಡ್ ಮಾರ್ಷಲ್‌ಗೆ ಸಮ. ಇದನ್ನು ಡೌಡಿಂಗ್‌ಗೆ ಕೊಡಿ ಎಂಬ ಮಾತು ಬಂದಾಗ ಕಚೇರಿ ಒಂದು ನಿಯಮ ತೋರಿಸಿತು: ವಾಯುಪಡೆಯ ಮುಖ್ಯಸ್ಥರಾಗಿದ್ದವರಿಗೆ ಮಾತ್ರ ಈ ಪದವಿ. ಡೌಡಿಂಗ್ ಮುಖ್ಯಸ್ಥರಾಗಿರಲಿಲ್ಲ, ಸರಿ. ಆದರೆ 1946ರಲ್ಲಿ ಇಬ್ಬರಿಗೆ ಅದೇ ಪದವಿ ಕೊಟ್ಟರು. ಒಬ್ಬರು ಬಾಂಬರ್ ಕಮಾಂಡಿನ ಆರ್ಥರ್ ಹ್ಯಾರಿಸ್, ಇನ್ನೊಬ್ಬರು ಶೋಲ್ಟೊ ಡಗ್ಲಸ್. ಇಬ್ಬರೂ ಒಂದು ದಿನವೂ ವಾಯುಪಡೆಯ ಮುಖ್ಯಸ್ಥರಾಗಿರಲಿಲ್ಲ. ಆ ಹೊತ್ತಿಗೆ ಡೌಡಿಂಗ್ ಬದುಕಿದ್ದರು, ನಿಯಮ ಸಡಿಲವಾಗಿತ್ತು, ಕೇಳುವ ಜನರೂ ಇದ್ದರು. ಕೊಡಲು ಅಡ್ಡಿ ಏನೂ ಇರಲಿಲ್ಲ. ಕೊಡಲು ಮನಸ್ಸಿರಲಿಲ್ಲ, ಅಷ್ಟೇ.